ಕೊನೆಗೊಮ್ಮೆ ಎಳೆಯುವ ಕೈ

ಧನ್ಯಾ, ಮನ್ವಿತ್,

ಲಾಯಿಲದ ನನ್ನ ಮನೆಯ ಚಾವಡಿಯ ಗೋಡೆಗೆ ಒಂದು ಜರಡಿಯ ಬಳೆ ತೂಗುಹಾಕಿದೆಯಲ್ಲ, ಬಲೆ ಇಲ್ಲದ್ದು, ಅಂಚಿನ ಮೇಲೆ ಆರು ಮರದ ಗೂಟ ನೆಟ್ಟದ್ದು, ಅದರ ವಿಷಯ ಇದು. ಕಳೆದ ಸಲ ಬಂದಾಗ ಮನ್ವಿತ್ ಅದನ್ನು ತೆಗೆದು ಸ್ಟಿಯರಿಂಗ್ ಮಾಡಿಕೊಂಡು ಅಂಗಳದಲ್ಲಿ ಮೂಡುಬಿದಿರೆಯ ಬಸ್ಸು ಓಡಿಸಿದ. ನಾನು ಬೇಡ ಎನ್ನಲಿಲ್ಲ. ಧನ್ಯಾ, ನೀನು ಮಾತ್ರ ಹತ್ತಿರ ಬಂದು, "ಅಜ್ಜಿ, ಇದು ಅಮ್ಮನದ್ದಾ?" ಎಂದು ಕೇಳಿದೆ. ಹೌದು ಎಂದು ಹೇಳಿ ಒಳಗೆ ಹೋದೆ. ಒಲೆಯ ಮೇಲೆ ಏನೂ ಇರಲಿಲ್ಲ. ಸುಮ್ಮನೆ ಹೋದದ್ದು.

ಎದುರು ಕುಳಿತು ಮಾತಾಡುವುದು ನನಗೆ ಮೊದಲಿನಿಂದಲೂ ಬಾರದು. ನೆರಿಯದ ಶಾಲೆಯಲ್ಲಿ ಏಳನೆಯವರೆಗೆ ಕಲಿತ ಕನ್ನಡ ಇದೆ, ಅದರಲ್ಲಿ ಬರೆಯುತ್ತೇನೆ. ನಾವು ಮಾತಾಡಿದ್ದು ಹೆಚ್ಚಿನದೂ ತುಳುವಿನಲ್ಲಿ. ಕನ್ನಡಕ್ಕೆ ತರುವಾಗ ಕೆಲವು ಕಡೆ ರುಚಿ ಹೋಗಿರಬಹುದು.

ನಿಮ್ಮ ಅಮ್ಮ ಮೂಡುಬಿದಿರೆಯ ಒಂದು ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುತ್ತಿದ್ದಳು. ಪಾಠದ ಜೊತೆಗೆ ಅವಳಿಗೆ ತನ್ನದೇ ಒಂದು ಸಂಶೋಧನೆ ಇತ್ತು. ನೀವು ತೀರ ಚಿಕ್ಕವರಿದ್ದ ಒಂದು ವರ್ಷ ಅವಳ ರಕ್ತದಲ್ಲಿ ಕಾಯಿಲೆ ಎಂದು ಗೊತ್ತಾಗಿ, ಮಂಗಳೂರಿನಲ್ಲಿ ಒಂದು ಸುತ್ತು ಔಷಧಿ ಮುಗಿದು, ತಲೆಗೂದಲು ಹೋಗಿತ್ತು. ನಿಮ್ಮ ಅಪ್ಪ ಆಗ ಕುವೈತಿನಲ್ಲಿ. ಒಂದು ಮಧ್ಯಾಹ್ನ ಅವಳು ತಲೆಗೆ ಶಾಲು ಸುತ್ತಿಕೊಂಡು ನನ್ನ ಮನೆಗೆ ಬಂದಳು. ಚಾವಡಿಯಲ್ಲಿ ನಾನು, ಪಕ್ಕದ ಮನೆಯ ಅಕ್ಕ, ಅಕ್ಕನ ಸೊಸೆ ಮೂವರೂ ಬೀಡಿ ಕಟ್ಟುತ್ತಿದ್ದೆವು. ಅವಳು ಕಂಬಕ್ಕೆ ಒರಗಿ ಕುಳಿತು ತುಂಬ ಹೊತ್ತು ನಮ್ಮ ಕೈಗಳನ್ನೇ ನೋಡಿದಳು.

"ಏನು ಟೀಚರ್, ಬೀಡಿ ಕಟ್ಟಲಿಕ್ಕೆ ಕಲಿತೀಯಾ? ಕಾಲೇಜಿನಲ್ಲಿ ಸಂಬಳ ಕೊಡುದಿಲ್ವಾ?" ಎಂದು ಅಕ್ಕ ಕೇಳಿದರು.

"ಇಲ್ಲ ಅಕ್ಕ, ನಿಮ್ಮನ್ನೇ ಕಾಲೇಜಿಗೆ ಕರಕೊಂಡು ಹೋಗುವ ಅಂತ ಬಂದದ್ದು. ಗಂಟು ಹಾಕುವ ಕೆಲಸ ಉಂಟು. ಸಾವಿರಗಟ್ಟಲೆ ಗಂಟು. ನಮ್ಮ ಮಕ್ಕಳಿಗೆ ಒಂದು ಲೇಸ್ ಕಟ್ಟಲಿಕ್ಕೆ ಬರುದಿಲ್ಲ."

ಕೆಲಸ ಏನೆಂದು ಅವಳು ಅಲ್ಲೇ ಬೀಡಿ ಎಲೆ ಹರಡಿ ತೋರಿಸಿದಳು. ನನಗೆ ಅರ್ಥವಾದಷ್ಟು ಹೇಳುತ್ತೇನೆ. ಪೆನ್ಸಿಲಿನ ಕಡ್ಡಿಯಿಂದ ಒಂದೇ ಒಂದು ಪದರ ಎಬ್ಬಿಸಿದರೆ ಅದು ಗ್ರಾಫೀನ್. ಅದರಲ್ಲಿ ಪರಮಾಣುಗಳು ಜೇನುಗೂಡಿನ ಹಾಗೆ ಆರು ಮೂಲೆಯ ಮನೆಗಳಾಗಿ ಕುಳಿತಿರುತ್ತವೆ. ಒಳಗೆ ಎಲೆಕ್ಟ್ರಾನುಗಳು ಬಹಳ ವೇಗವಾಗಿ ಓಡುತ್ತವೆ. ಆ ಗೂಡನ್ನು ದೇವರು ಕಟ್ಟಿದ್ದು, ನಾವು ಬದಲಿಸಲು ಆಗುವುದಿಲ್ಲ. ಹಾಗಾಗಿ ದೊಡ್ಡ ಊರಿನ ಪ್ರಯೋಗಾಲಯಗಳಲ್ಲಿ ಅರೆವಾಹಕದ ಹಾಳೆ, ಅಂದರೆ ಮೊಬೈಲಿನ ಚಿಪ್ಪಿನ ಜಾತಿಯದ್ದು, ಅದರ ಮೇಲೆ ಕಣ್ಣಿಗೆ ಕಾಣದಷ್ಟು ಚಿಕ್ಕ ಗುಳಿಗಳನ್ನು ಜೇನುಗೂಡಿನ ಲೆಕ್ಕದಲ್ಲೇ ಕೊರೆಯುತ್ತಾರೆ. ಎಲೆಕ್ಟ್ರಾನುಗಳಿಗೆ ತಾವು ಗ್ರಾಫೀನಿನಲ್ಲೇ ಇದ್ದೇವೆ ಎಂದು ಅನಿಸುತ್ತದೆ. ಅದೇ ಕೃತಕ ಗ್ರಾಫೀನ್. ಗುಳಿ ಎಷ್ಟು ಆಳ, ಎಷ್ಟು ದೂರ ಎಂಬುದು ನಮ್ಮ ಕೈಯಲ್ಲಿ.

"ಗುಳಿಯಲ್ಲಿ ಎಲೆಕ್ಟ್ರಾನು ಸುಮ್ಮನೆ ಉರುಟಾಗಿ ಕೂರಬಹುದು. ಇಲ್ಲದಿದ್ದರೆ ಒಂದು ದಿಕ್ಕಿಗೆ ಆಚೆ ಈಚೆ ತೂಗಬಹುದು, ತೊಟ್ಟಿಲಿನ ಹಾಗೆ" ಎಂದಳು. "ಉರುಟಾಗಿ ಕೂತದ್ದು ಮನೆಯಿಂದ ಮನೆಗೆ ಓಡ್ತದೆ. ತೂಗುವವು ಒಂದು ಕ್ರಮದಲ್ಲಿ ತೂಗಿದರೆ ಎಲ್ಲಿಗೂ ಹೋಗುದಿಲ್ಲ ಅಮ್ಮ. ಗೋಡೆ ಇಲ್ಲ, ಬಾಗಿಲು ಹಾಕಿಲ್ಲ, ಎಲ್ಲ ಕಡೆಗೆ ದಾರಿ ಉಂಟು. ಆದರೂ ಆ ಆರು ಮೂಲೆಯ ಮನೆಯಲ್ಲೇ ಉಳೀತದೆ. ಇದಕ್ಕೆ ಚಪ್ಪಟೆ ಪಟ್ಟಿ ಅಂತ ಹೆಸರು. ಗುಡ್ಡ ಇಲ್ಲ, ತಗ್ಗಿಲ್ಲ, ಗದ್ದೆಯ ಹಾಗೆ ಸಪಾಟು. ನೀರು ಯಾವ ಕಡೆಗೆ ಹರಿಯಬೇಕು ಹೇಳು?"

"ಹಾಗೆ ನಿಂತರೆ ಏನು ಪ್ರಯೋಜನ?" ಎಂದು ಅಕ್ಕನ ಸೊಸೆ ಕೇಳಿದಳು.

"ಓಡುವವರು ಪಕ್ಕದವರ ಮುಖ ನೋಡುದಿಲ್ಲ. ನಿಂತವರು ನೋಡ್ತಾರೆ. ಅಲ್ಲಿಂದ ಹೊಸ ಸಂಗತಿ ಎಲ್ಲ ಶುರುವಾಗುದು."

ಇದನ್ನೆಲ್ಲ ಅವಳು ಕಂಪ್ಯೂಟರಿನಲ್ಲಿ ಲೆಕ್ಕ ಹಾಕಿ ತಿಳಿದಿದ್ದಳು. ಆದರೆ ಯಾರೂ ಕಣ್ಣಿನಿಂದ ನೋಡಿರಲಿಲ್ಲ, ನೋಡಲು ಆಗುವುದೂ ಇಲ್ಲ. ಅದೇ ನಿಯಮದಲ್ಲಿ ತೂಗುವ ಒಂದು ಮಾದರಿಯನ್ನು ಕಬ್ಬಿಣದ ಗುಂಡುಗಳಲ್ಲಿ ಕಟ್ಟಬೇಕು, ಒಮ್ಮೆ ಕಣ್ಣಾರೆ ನೋಡಬೇಕು ಎಂಬುದು ಅವಳ ಆಸೆ. "ಮಕ್ಕಳಿಗೆ ತೋರಿಸಬೇಕು ಅಮ್ಮ. ಅಮ್ಮ ಇಡೀ ದಿನ ಕಂಪ್ಯೂಟರ್ ಎದುರು ಏನು ಮಾಡ್ತಿದ್ದಳು ಅಂತ ಅವರಿಗೆ ಗೊತ್ತಾಗಬೇಕಲ್ಲ." 'ಮಾಡ್ತಾಳೆ' ಎನ್ನದೆ 'ಮಾಡ್ತಿದ್ದಳು' ಎಂದಳು. ನಾನು ಎಲೆ ಕತ್ತರಿಸುತ್ತಾ ತಲೆ ತಗ್ಗಿಸಿದೆ.

ಗುಂಡು ಮತ್ತು ಸ್ಪ್ರಿಂಗ್ ಮಾಡಿಸಲು ನಾವಿಬ್ಬರೂ ಬಂಟ್ವಾಳಕ್ಕೆ ಹೋದೆವು. ಅಲ್ಲಿ ಪೇಟೆಯ ಹಿಂದೆ ಒಂದು ಲೇತ್ ಅಂಗಡಿ. ಪ್ರತಿ ಗುಂಡಿಗೆ ಮೇಲೆ ಒಂದು ಕೊಕ್ಕೆ, ಹೊಟ್ಟೆಯ ಸುತ್ತ ಸಮದೂರದಲ್ಲಿ ಮೂರು ಕಿವಿ ಬೇಕು. ಸ್ಪ್ರಿಂಗು ತೀರ ಮೃದುವಾಗಿ, ಸುತ್ತು ಸುತ್ತಿನ ನಡುವೆ ಸಂದು ಬಿಟ್ಟು ಇರಬೇಕು ಎಂದು ಅವಳು ಚಿತ್ರ ಬರೆದು ಕೊಟ್ಟಳು. ಅಂಗಡಿಯವ ಒಂದು ಮಾದರಿ ಸ್ಪ್ರಿಂಗ್ ಮಾಡಿ ಅಂಗೈಯಲ್ಲಿ ಕುಣಿಸಿದ.

"ಇಷ್ಟು ಮೆತ್ತಗೆ ಯಾಕೆ ಟೀಚರ್? ಇದರಲ್ಲಿ ಸೊಳ್ಳೆಗೆ ತೊಟ್ಟಿಲು ಕಟ್ಟಬಹುದಷ್ಟೆ."

"ಸೊಳ್ಳೆ ಭಾರ ಆಯ್ತು ಮಾರಾಯ್ರೆ. ನಮ್ಮದು ಅದಕ್ಕಿಂತ ಚಿಕ್ಕದು."

ಅವಳು ನಕ್ಕದ್ದು ನೋಡಿ ಅವನೂ ನಕ್ಕ. ಬಸ್ಸಿನಲ್ಲಿ ಬರುವಾಗ ಗುಂಡಿನ ಚೀಲ ನನ್ನ ಕಾಲಬುಡದಲ್ಲಿ, ಅವಳ ತಲೆ ನನ್ನ ಹೆಗಲಲ್ಲಿ. ಅಷ್ಟು ಹಗುರವಾದ ತಲೆ. ಕೂದಲಿಗೂ ಭಾರ ಇರುತ್ತದೆ ಎಂದು ನನಗೆ ಅಂದೇ ಗೊತ್ತಾದದ್ದು.

ಕಾಲೇಜಿನವರು ಉಪಯೋಗವಿಲ್ಲದ ಒಂದು ಹಳೆಯ ಹಾಲ್ ಕೊಟ್ಟಿದ್ದರು. ಲ್ಯಾಬಿನ ಸಹಾಯಕ, ನಿವೃತ್ತಿಗೆ ಹತ್ತಿರವಾದ ಮನುಷ್ಯ, ಮಾಡಿನ ತೊಲೆಗಳಿಗೆ ಪ್ಲೈವುಡ್ ಹಲಗೆಗಳನ್ನು ಜೋಡಿಸಿ ಅವಳ ಲೆಕ್ಕದ ಪ್ರಕಾರ ತೂತು ಕೊರೆದಿದ್ದರು. ಬೆಳಗ್ಗೆ ನಾವು ಮೂವರು ಬೆಳ್ತಂಗಡಿಯಿಂದ ಬಸ್ಸು ಹಿಡಿದು ವೇಣೂರಿನ ದಾರಿಯಾಗಿ ಬರುತ್ತಿದ್ದೆವು. ಮೊದಲ ದಿನ ಕಾಲೇಜಿನ ಗೇಟು ದಾಟಲು ನನಗೆ ನಾಚಿಕೆ. ಅಷ್ಟು ಮಕ್ಕಳು, ಎಲ್ಲ ಊರಿನವರು, ಎಲ್ಲರ ಕೊರಳಲ್ಲಿ ಗುರುತುಚೀಟಿಯ ಪಟ್ಟಿ. ಅಕ್ಕ ಮಾತ್ರ ಸೆರಗು ಸೊಂಟಕ್ಕೆ ಸಿಕ್ಕಿಸಿ, "ನಾವೂ ಪ್ರೊಫೆಸರೇ. ನಮ್ಮ ಗಂಟಿಗೆ ಪದವಿ ಉಂಟು" ಎಂದು ನಡೆದರು.

ಕೆಲಸದ ಕ್ರಮ ಹೀಗೆ. ಮೊದಲು ತೂತಿನಿಂದ ಉದ್ದ ದಾರದಲ್ಲಿ ಗುಂಡು ಇಳಿಬಿಡುವುದು. ಎಲ್ಲ ಗುಂಡುಗಳೂ ಒಂದೇ ಮಟ್ಟದಲ್ಲಿ ಇರಬೇಕು; ಅದಕ್ಕೆ ನೀರು ತುಂಬಿದ ಪಾರದರ್ಶಕ ಪೈಪು ಹಿಡಿದು ನೋಡುತ್ತಿದ್ದೆವು. ಆಮೇಲೆ ಪ್ರತಿ ಗುಂಡನ್ನು ಅದರ ಮೂರು ನೆರೆಯ ಗುಂಡುಗಳಿಗೆ ಅಡ್ಡಲಾಗಿ ಸ್ಪ್ರಿಂಗಿನಿಂದ ಸೇರಿಸುವುದು. ಸ್ಪ್ರಿಂಗಿನ ಎರಡೂ ತುದಿಗೆ ದಾರದ ಗಂಟು. ಹೊರಗಿನ ಸಾಲಿನವನ್ನು ಸುತ್ತಲಿನ ಮರದ ಚೌಕಟ್ಟಿಗೆ ಕಟ್ಟುವುದು. ಕತ್ತು ನೋಯುತ್ತಿತ್ತು, ಆದರೆ ನಮಗೆ ಕಷ್ಟವಾಗಲಿಲ್ಲ. ನಿಮ್ಮ ಅಮ್ಮ ಕುರ್ಚಿಯಲ್ಲಿ ಕುಳಿತು ನೋಡುತ್ತಿದ್ದಳು. ಕಟ್ಟಿ ಮುಗಿದಾಗ ಹಾಲಿನ ಈ ತುದಿಯಿಂದ ಆ ತುದಿಗೆ ಗಾಳಿಯಲ್ಲಿ ಒಂದು ಜೇನುಗೂಡು ಮಲಗಿತ್ತು. ಪ್ರತಿ ಗುಂಡೂ ನೇರವಾಗಿ, ಒಂದಿಷ್ಟೂ ವಾಲದೆ.

ಗುಂಡುಗಳನ್ನು ತೂಗಲು ಬಿಡುವ ರೀತಿಯನ್ನೂ ಅವಳೇ ಯೋಚಿಸಿದ್ದಳು. ನಡುವಿನ ಒಂದು ಮನೆಯ ಆರು ಗುಂಡುಗಳನ್ನು ಒಟ್ಟಿಗೆ, ವೃತ್ತದ ದಾರಿಯಲ್ಲೇ ಸ್ವಲ್ಪ ಸರಿಸಬೇಕು. ಅದಕ್ಕೆ ನನ್ನ ಹಳೆಯ ಜರಡಿಯ ಬಳೆ. ಅಂಚಿನಲ್ಲಿ ನೆಟ್ಟ ಆರು ಗೂಟಗಳು ಆರು ಗುಂಡಿನ ಪಕ್ಕ ಬರುವ ಹಾಗೆ ಕೆಳಗಿನಿಂದ ಎತ್ತಿ ಹಿಡಿಯಬೇಕು, ತಿರುಗಿಸಬೇಕು, ನೆಟ್ಟಗೆ ಕೆಳಗೆ ಇಳಿಸಬೇಕು.

"ಬೀಸುವ ಕಲ್ಲು ತಿರುಗಿಸಿದ ಹಾಗೆ ಅಮ್ಮ. ಚೂರೇ. ಆಮೇಲೆ ಕೈ ಬಿಡು."

ನಾನು ತಿರುಗಿಸಿ ಇಳಿಸಿದೆ. ಆರು ಗುಂಡುಗಳು ಒಟ್ಟಿಗೆ ಬಲಕ್ಕೆ, ಎಡಕ್ಕೆ ತಿರುಗಿದವು. ಅವಳು ಎದ್ದು ನಿಂತಳು. ಅಷ್ಟರಲ್ಲಿ ಪಕ್ಕದ ಗುಂಡು ನಡುಗಿತು. ಅದರ ಪಕ್ಕದ್ದೂ ನಡುಗಿತು. ನೋಡನೋಡುತ್ತ ಇಡೀ ಹಾಲಿನ ಗುಂಡುಗಳೆಲ್ಲ ಅಲ್ಲಲ್ಲಿ ಅಲ್ಲಾಡಿದವು, ನಡುವಿನ ಆರು ಮಾತ್ರ ಎಲ್ಲ ಹಂಚಿ ಮುಗಿಸಿದವರ ಹಾಗೆ ನಿಂತವು.

ಫ್ಯಾನ್ ನಿಲ್ಲಿಸಿ, ಕಿಟಕಿ ಹಾಕಿ ಪುನಃ ಬಿಟ್ಟೆವು. ದಾರದ ಉದ್ದ ಅಳೆದೆವು. ಸಹಾಯಕರು ಗುಂಡುಗಳನ್ನು ತಕ್ಕಡಿಯಲ್ಲಿ ತೂಗಿದರು. ಪ್ರತಿ ಸಲವೂ ಅಲೆ ಹೊರಗೆ ಹರಿಯಿತು.

"ಲೆಕ್ಕ ತಪ್ಪಿರಬಹುದಾ ಮೇಡಂ?" ಎಂದು ಸಹಾಯಕರು ಮೆಲ್ಲ ಕೇಳಿದರು.

"ಲೆಕ್ಕ ತಪ್ಪಿಲ್ಲ" ಎಂದಳು. ಆದರೆ ಅವಳ ಮುಖ ಕಂಡರೆ, ಲೆಕ್ಕ ತಪ್ಪಿದ್ದರೆ ಈ ವರ್ಷಗಳೆಲ್ಲ ಏನಾದವು ಎಂದು ತನ್ನನ್ನೇ ಕೇಳಿಕೊಂಡ ಹಾಗೆ ಇತ್ತು. ಬಸ್ ಸ್ಟ್ಯಾಂಡಿನ ತನಕ ಅವಳು ನನ್ನ ಕೈ ಹಿಡಿದೇ ನಡೆದಳು. ಕೈ ಸುಡುತ್ತಿತ್ತು. ಅದೇ ಜ್ವರ ಇಳಿಯದೆ ಪುನಃ ಮಂಗಳೂರಿನ ಆಸ್ಪತ್ರೆಗೆ ಸೇರಿಸಬೇಕಾಯಿತು.

ಆಸ್ಪತ್ರೆಯಲ್ಲಿ ಅವಳು ಮಾಡಿದ್ದು ಒಂದೇ ಕೆಲಸ. ಹಾಲಿನಲ್ಲಿ ಗುಂಡುಗಳು ಅಲ್ಲಾಡಿದ್ದನ್ನು ತೆಗೆದು ಸಹಾಯಕರು ಕಳುಹಿಸಿದ ವಿಡಿಯೋವನ್ನು ಫೋನಿನಲ್ಲಿ ಹಾಕುವುದು, ನಿಲ್ಲಿಸುವುದು, ಪುನಃ ಹಾಕುವುದು. ನರ್ಸ್ ಬೈದರೆ ದಿಂಬಿನಡಿ ಇಡುತ್ತಿದ್ದಳು. ಒಂದು ದಿನ ಅವಳ ಕೈಗೆ ಚುಚ್ಚಿದ ಗ್ಲೂಕೋಸಿನ ನಳಿಕೆ ಮಂಚದ ಸರಳಿಗೆ ತಾಗಿ ಜಗ್ಗುತ್ತಿತ್ತು. ಜಗ್ಗದಿರಲಿ ಎಂದು ನಾನು ಸೆರಗಿನ ಒಂದು ನೂಲು ಕಿತ್ತು ಅದನ್ನು ಸರಳಿಗೆ ಕಟ್ಟಿದೆ. ಅವಳು ನೋಡುತ್ತಿದ್ದಳು.

"ಅಮ್ಮ, ಇನ್ನೊಮ್ಮೆ ಕಟ್ಟು."

ಬಿಚ್ಚಿ ಪುನಃ ಕಟ್ಟಿದೆ.

"ಗಂಟು ಆದ ಮೇಲೆ ಕೊನೆಗೆ ಒಮ್ಮೆ ಎಳೀತಿ ನೀನು."

"ಎಳೆಯದೆ ಮತ್ತೆ? ಸಡಿಲ ಬೀಡಿಯನ್ನು ಬೀಡಿ ತೆಗೊಳ್ಳುವ ಬ್ರಾಂಚಿನಲ್ಲಿ ಬಿಸಾಡುದಿಲ್ವಾ?"

ಅವಳು ನಗಲು ಶುರು ಮಾಡಿದಳು. ನಗು ಕೆಮ್ಮಾಯಿತು, ನಾನು ಬೆನ್ನು ಸವರಿದೆ. ಆದರೂ ನಗುತ್ತಲೇ ಇದ್ದಳು. "ಅಕ್ಕನೂ ಎಳೀತಾರೆ. ಸೊಸೆಯೂ ಎಳೀತಾಳೆ. ಅಯ್ಯೋ ದೇವರೇ, ಮೂರೂ ಜನ ಬೀಡಿ ಕಟ್ಟಿದ್ದೀರಿ ಅಲ್ಲಿ!"

ಆಮೇಲೆ ಉಸಿರು ಹಿಡಿದು ಹಿಡಿದು ಹೇಳಿದಳು. ಬಟ್ಟೆ ಒಣಗಿಸುವ ಹಗ್ಗ ಬಿಗಿಯಾಗಿದ್ದರೆ ಅಡ್ಡಲಾಗಿ ತಟ್ಟಿದಾಗ ಅಲೆ ಆಚೆ ತುದಿಗೆ ಹೋಗುತ್ತದೆ. ಹಗ್ಗದಲ್ಲಿ ಬಿಗಿ ಇಲ್ಲದಿದ್ದರೆ ಅಡ್ಡ ತಟ್ಟಿದ್ದು ಆಚೆಗೆ ತಿಳಿಯುವುದೇ ಇಲ್ಲ. ಆರು ಗುಂಡುಗಳು ವೃತ್ತದಲ್ಲಿ ತಿರುಗುವಾಗ ಹೊರಗಿನ ಸ್ಪ್ರಿಂಗಿಗೆ ಅಡ್ಡಲಾಗಿಯೇ ಚಲಿಸುತ್ತವೆ. ಅದು ಬಿಗಿ ಇಲ್ಲದೆ, ಹುಟ್ಟಿದ ಉದ್ದದಲ್ಲೇ ಇದ್ದರೆ ಹೊರಗಿನ ಗುಂಡಿಗೆ ಏನೂ ತಲುಪುವುದಿಲ್ಲ. ನಾವು ಪ್ರತಿ ಗಂಟಿನಲ್ಲೂ ಒಂದಿಷ್ಟು ಎಳೆದಿದ್ದೆವು. ಮೂರು ಕಡೆಯಿಂದಲೂ ಸಮವಾಗಿ ಎಳೆದ ಕಾರಣ ಗುಂಡು ವಾಲಲಿಲ್ಲ, ನೇರವಾಗಿಯೇ ನಿಂತಿತ್ತು. ಒಳಗೆ ಎಷ್ಟು ಎಳೆತ ಇದೆ ಎಂದು ನೋಡಿದವರಿಗೆ ಗೊತ್ತಾಗಲಿಲ್ಲ, ಅವಳಿಗೂ.

"ಎಲ್ಲ ಬಿಚ್ಚಿ ಪುನಃ ಕಟ್ಟಿ ಅಮ್ಮ. ಎಳೆಯಬಾರದು, ತಳ್ಳಲೂಬಾರದು. ಸುಮ್ಮನೆ ಕೈ ಹಿಡಿದ ಹಾಗೆ ಇರಬೇಕು."

"ನೀನು ಬಂದ ಮೇಲೆ ಕಟ್ಟುವ."

"ಹ್ಞೂಂ. ಬಂದ ಮೇಲೆ" ಎಂದಳು.

ಅವಳು ಬರಲಿಲ್ಲ. ಆ ದಿನಗಳ ಬಗ್ಗೆ ನಾನು ಬರೆಯುವುದಿಲ್ಲ. ನಿಮ್ಮ ಅಪ್ಪ ಕುವೈತಿನಿಂದ ಬಂದು ತಲುಪಿದರು, ಅಷ್ಟು ಹೊತ್ತು ಅವಳು ಕಾದಳು. ಅದೊಂದು ಸಮಾಧಾನ.

ನಮ್ಮದು ಅಳಿಯಕಟ್ಟು. ಮದುವೆಯಾಗಿ ಹೋದರೂ ಮಗಳು ತಾಯಿಯ ಕುಟುಂಬದವಳೇ, ಸೂತಕವೂ ತಾಯಿಯ ಮನೆಗೆ. ಬೊಜ್ಜ, ಅಂದರೆ ಉತ್ತರಕ್ರಿಯೆ ಮುಗಿಯುವವರೆಗೆ ಹೊರಗೆ ಕೆಲಸಕ್ಕೆ ಹೋಗುವ ಕ್ರಮ ಇಲ್ಲ. ಎಲ್ಲವನ್ನೂ ನಿಂತು ನಡೆಸಲು ನೆರಿಯದಿಂದ ನನ್ನ ಅಣ್ಣ ಬಂದಿದ್ದರು. ಆ ನಡುವೆ ಲ್ಯಾಬಿನ ಸಹಾಯಕರು ಮಾತಾಡಿಸಲು ಬಂದರು. ಹೊರಡುವಾಗ ಅಂಗಳದಲ್ಲಿ ನಿಂತು, ಹೇಳಲೋ ಬೇಡವೋ ಎಂದು ಚಪ್ಪಲಿಯನ್ನು ಕಾಲಲ್ಲೇ ಆಚೀಚೆ ಮಾಡಿದರು.

"ಅಮ್ಮ, ಹಾಲ್ ಅಡ್ಮಿಶನ್‌ಗೆ ಬೇಕಂತೆ. ಈ ವಾರವೇ ಬಿಡಿಸ್ಲಿಕ್ಕೆ ಹೇಳಿದ್ದಾರೆ. ಬೇಜಾರು ಮಾಡ್ಬೇಡಿ, ಗುಂಡು ಎಲ್ಲ ಜಾಗ್ರತೆಯಿಂದ ತೆಗೆದಿಡ್ತೇನೆ."

ಬೊಜ್ಜ ಅದರ ಮುಂದಿನ ವಾರ ಇತ್ತು. ಅವರು ಹೋದ ಮೇಲೆ ನಾನು ಚಾವಡಿಗೆ ಬಂದು ಅಣ್ಣನ ಎದುರು ನಿಂತು, ನಾಳೆ ಮೂಡುಬಿದಿರೆಗೆ ಹೋಗುತ್ತೇನೆ ಎಂದೆ. ಅಣ್ಣನ ಎದುರು ನಾನು ಅದುವರೆಗೆ ಕೇಳಿದ್ದಕ್ಕೆ ಉತ್ತರ ಕೊಟ್ಟವಳೇ ಹೊರತು ನಾನಾಗಿ ಮಾತೆತ್ತಿದವಳಲ್ಲ.

"ನಿನಗೆ ತಲೆ ಸರಿ ಉಂಟಾ? ಬೊಜ್ಜ ಆಗದೆ ಬಸ್ಸು ಹತ್ತುದಾ? ಮಗಳು ಹೋಗಿ ಇನ್ನೂ ಅಂಗಳ ಒಣಗಲಿಲ್ಲ, ಇವಳು ಗುಂಡು ಕಟ್ಟಲಿಕ್ಕೆ ಹೊರಟಳು ಅಂತ ಊರು ಹೇಳೂದಿಲ್ವಾ?"

"ಬೊಜ್ಜದಲ್ಲಿ ಅವಳಿಗೆ ಇಷ್ಟವಾದದ್ದನ್ನು ಎಲೆಯಲ್ಲಿ ಬಡಿಸ್ತೇವಲ್ಲ ಅಣ್ಣ. ಕೋಳಿ, ರೊಟ್ಟಿ ನೀವು ಬಡಿಸಿ. ಅವಳಿಗೆ ಎಲ್ಲಕ್ಕಿಂತ ಇಷ್ಟವಾದದ್ದು ಇದು. ಇದನ್ನು ಬಡಿಸಲಿಕ್ಕೆ ನನಗೆ ಮಾತ್ರ ಗೊತ್ತುಂಟು."

ಅಣ್ಣ ಅಂಗಳದ ಕಡೆಗೆ ತಿರುಗಿದರು. "ಹೋಗಿ ಬಾ" ಎನ್ನಲಿಲ್ಲ. "ತಲೆಗೆ ಸ್ನಾನ ಮಾಡಿ ಒಳಗೆ ಬಾ, ಬಂದ ಮೇಲೆ" ಎಂದರು. ಅಷ್ಟು ಸಾಕಾಯಿತು.

ಅಕ್ಕ ಮತ್ತು ಸೊಸೆ ಬಸ್ ಸ್ಟಾಪಿನಲ್ಲಿ ಮೊದಲೇ ನಿಂತಿದ್ದರು. ಸೂತಕದವಳ ಪಕ್ಕ ಕೂರಬೇಡಿ ಎಂದೆ. "ಸೂತಕ ದೇವರ ಕೋಣೆಗೆ ಮಾರಾಯ್ತಿ. ಸರಕಾರಿ ಬಸ್ಸಿಗೆ ಯಾರು ಹೇಳಿದ್ದು?" ಎಂದು ಅಕ್ಕ ಒತ್ತಿಕೊಂಡು ಕುಳಿತರು.

ಬಿಚ್ಚುವುದು ಸುಲಭವಾಗಿತ್ತು. ಕಟ್ಟುವುದು ಆಗಲಿಲ್ಲ. ಬಿಗಿಯಬಾರದು ಎಂದು ಮನಸ್ಸಿಗೆ ಗೊತ್ತು, ಬೆರಳಿಗೆ ಗೊತ್ತಿಲ್ಲ. ಗಂಟು ಬಿದ್ದ ಕೂಡಲೇ ಕೈ ತಾನಾಗಿ ಒಮ್ಮೆ ಎಳೆಯುತ್ತಿತ್ತು. ಸೊಸೆ ಅಳುವ ಹಾಗಾದಳು. "ಮದುವೆಗೆ ಮೊದಲಿನಿಂದ ಇದೇ ಕೈ ಅತ್ತೆ, ಕೇಳುದೇ ಇಲ್ಲ." ಸಹಾಯಕರು ಕಟ್ಟಿ ನೋಡಿದರು, ಅವರ ಗಂಟು ನಿಲ್ಲಲೇ ಇಲ್ಲ, ಜಾರಿತು. ಮಧ್ಯಾಹ್ನದವರೆಗೆ ಕಟ್ಟಿದ್ದನ್ನು ಬಿಚ್ಚಿದ್ದೇ ಆಯಿತು. ಊಟದ ಬುತ್ತಿ ಯಾರೂ ತೆರೆಯಲಿಲ್ಲ.

ಆಗ ಅಕ್ಕ ಎದ್ದು, "ಈ ಕೈ ಬೀಡಿಗೆ ಹೋಯಿತು. ಎಡಗೈಯಲ್ಲಿ ಕಟ್ಟುವ. ಅದು ಇನ್ನೂ ಶಾಲೆಗೆ ಹೋಗಲಿಲ್ಲ" ಎಂದರು.

ಎಡಗೈಯಲ್ಲಿ ಕಟ್ಟಿದೆವು. ಗಂಟು ಸೊಟ್ಟಗೆ ಬಂತು, ನಿಧಾನ ಆಯಿತು, ಆದರೆ ಕೊನೆಯ ಎಳೆತ ಇರಲಿಲ್ಲ. ಆ ಕೈಗೆ ಅದು ಗೊತ್ತೇ ಇರಲಿಲ್ಲ. ನಮ್ಮಲ್ಲಿ ಎಡಗೈಯಲ್ಲಿ ಮಾಡುವುದು ಸಾವಿನ ಮನೆಯ ಕೆಲಸ ಎಂದು ಮೂವರಿಗೂ ತಿಳಿದಿತ್ತು. ಒಂದು ಗಂಟು ಮುಗಿದಾಗಲೆಲ್ಲ ಸ್ಪ್ರಿಂಗನ್ನು ಊದಿ ನೋಡುತ್ತಿದ್ದೆ. ಉಸಿರಿಗೆ ಮೆಲ್ಲ ಬಾಗಿ ಸುಮ್ಮನಾದರೆ ಸರಿ. ಮಿಡಿದ ಹಾಗೆ ನಡುಗಿದರೆ ಬಿಚ್ಚುವುದು. ಸುಮ್ಮನೆ ಕೈ ಹಿಡಿದ ಹಾಗೆ, ಸುಮ್ಮನೆ ಕೈ ಹಿಡಿದ ಹಾಗೆ ಎಂದು ಒಳಗೇ ಹೇಳಿಕೊಳ್ಳುತ್ತಿದ್ದೆ. ಆಸ್ಪತ್ರೆಯಲ್ಲಿ ಕೊನೆಗೆ ನಾನು ಅವಳ ಕೈ ಹಿಡಿದದ್ದು ಹಾಗಲ್ಲ. ಎಳೆದು ಹಿಡಿದಿದ್ದೆ.

ಮರುದಿನವೂ ಹೋದೆವು, ಅದರ ಮರುದಿನವೂ. ಕಟ್ಟಿ ಮುಗಿದ ದಿನ ಸಂಜೆಯೊಳಗೆ ಹಲಗೆ ಇಳಿಸಬೇಕು ಎಂದು ಕಚೇರಿಯಿಂದ ಹೇಳಿ ಕಳಿಸಿದ್ದರು. ಸಹಾಯಕರು ಹಾಲಿನ ಬಾಗಿಲು ಒಳಗಿನಿಂದ ಹಾಕಿ, "ಕೀಲಿಕೈ ಸಿಗುದಿಲ್ಲ ಅಂತ ಹೇಳ್ತೇನೆ" ಎಂದರು. ಅಷ್ಟರೊಳಗೆ ನಿಮ್ಮ ಅಪ್ಪ ನಿಮ್ಮಿಬ್ಬರನ್ನೂ ಕರೆದುಕೊಂಡು ಬಂದಿದ್ದರು. ಮನ್ವಿತ್, ನೀನು ಅಪ್ಪನ ಸೊಂಟದಲ್ಲಿ ನಿದ್ದೆ. ಧನ್ಯಾ, ನೀನು ಒಂದನೇ ತರಗತಿಗೆ ಹೋಗಬೇಕಿದ್ದವಳು. ಹೊಸ ಚೀಲ ಬೆನ್ನಿಗೆ ಹಾಕಿಯೇ ಬಂದಿದ್ದೆ.

ನಾನು ಬಳೆಯನ್ನು ಎತ್ತಿ ಹಿಡಿದೆ. ಗೂಟಗಳು ಗುಂಡಿಗೆ ತಾಗಿದವು. ಬೀಸುವ ಕಲ್ಲು ತಿರುಗಿಸಿದ ಹಾಗೆ ಚೂರು ತಿರುಗಿಸಿ, ನೆಟ್ಟಗೆ ಇಳಿಸಿ, ಬಗ್ಗಿ ಹಿಂದೆ ಸರಿದೆ.

ಆರು ಗುಂಡುಗಳು ಒಟ್ಟಾಗಿ ಒಂದು ಕಡೆಗೆ ತಿರುಗಿ, ಒಟ್ಟಾಗಿ ಮರಳಿದವು. ಪುನಃ ತಿರುಗಿದವು. ಅದರ ಪಕ್ಕದ ಗುಂಡು, ಕೈಯಳತೆಯಲ್ಲಿ ಇದ್ದದ್ದು, ಅಲ್ಲಾಡಲಿಲ್ಲ. ಅದರಾಚೆಯವೂ ಅಲ್ಲಾಡಲಿಲ್ಲ. ಅಷ್ಟು ದೊಡ್ಡ ಹಾಲಿನಲ್ಲಿ ಅದೊಂದೇ ಮನೆ ತೂಗುತ್ತಿತ್ತು. ಗೋಡೆ ಇಲ್ಲದೆ, ಬಾಗಿಲು ಹಾಕದೆ, ಅವಳು ಹೇಳಿದ ಹಾಗೆಯೇ. ಸಹಾಯಕರು ಫೋನು ಹಿಡಿದು ವಿಡಿಯೋ ತೆಗೆಯುತ್ತಿದ್ದರು. "ಲೆಕ್ಕ ತಪ್ಪಿರಲಿಲ್ಲ ಮೇಡಂ" ಎಂದು ಅವರು ಯಾರಿಗೋ ಹೇಳಿದರು.

ತೂಗುವುದು ಮೆಲ್ಲ ಮೆಲ್ಲ ಕಡಿಮೆಯಾಯಿತು. ಎಲ್ಲಿಗೂ ಹರಿದು ಹೋಗಲಿಲ್ಲ, ಇದ್ದಲ್ಲೇ ಆರಿತು.

"ಯಾಕೆ ನಿಂತಿತು?" ಎಂದು ನೀನು ಕೇಳಿದೆ ಧನ್ಯಾ.

"ಗಾಳಿ ಮಗಾ. ಗಾಳಿ ಸ್ವಲ್ಪ ಸ್ವಲ್ಪವೇ ತಿಂತದೆ" ಎಂದು ಸಹಾಯಕರು ಹೇಳಿದರು.

ನೀನು ಮುಂದೆ ಹೋಗಿ, ಮೊದಲಿನಿಂದಲೂ ಅಲ್ಲಾಡದೆ ಇದ್ದ ಆ ಪಕ್ಕದ ಗುಂಡನ್ನು ಒಂದು ಬೆರಳಿನಿಂದ ಮುಟ್ಟಿದೆ. "ಇದಕ್ಕೆ ಗೊತ್ತೇ ಆಗ್ಲಿಲ್ಲ ಅಲ್ವಾ ಅಜ್ಜಿ?" ಎಂದೆ.

ಅಕ್ಕ ಆ ಕಡೆ ತಿರುಗಿ ನಿಂತರು. ನಿಮ್ಮ ಅಪ್ಪ ಹೊರಗೆ ಹೋದರು. ನಾನು ಬಳೆಯನ್ನು ನೆಲಕ್ಕಿಟ್ಟೆ. ಆಗ ಹೊರಗೆ ಕಾಲೇಜಿನ ಬಸ್ಸುಗಳು ಹೊರಡುತ್ತಿದ್ದವು, ಮಕ್ಕಳು ಕಿರುಚುತ್ತಿದ್ದರು. ಯಾರಿಗೂ ಏನೂ ಗೊತ್ತಿರಲಿಲ್ಲ.

ಸಂಜೆ ಎಲ್ಲವನ್ನೂ ಇಳಿಸಿದರು. ಗುಂಡುಗಳು ಎಲ್ಲಿಗೆ ಹೋದವೋ. ಬಳೆ ಮಾತ್ರ ನನ್ನದಾದ್ದರಿಂದ ನನಗೆ ಕೊಟ್ಟರು. ಆಮೇಲೆ ಅವಳ ಸಂಶೋಧನೆಯ ಗುರುಗಳು ಅವಳ ಬರಹ ಅಚ್ಚಾದ ಪ್ರತಿ ಕಳಿಸಿದರು. ಅದರಲ್ಲಿ ಅವಳ ಹೆಸರಿನ ಪಕ್ಕ ಒಂದು ಚಿಕ್ಕ ಗುರುತು ಇದೆ. ಇಂಗ್ಲಿಷು ಬಾರದ ನಾನು ಅದು ದೊಡ್ಡ ಮರ್ಯಾದೆಯ ಗುರುತು ಎಂದುಕೊಂಡಿದ್ದೆ. ತೀರಿಹೋದವರಿಗೆ ಹಾಕುವುದು ಎಂದು ನಿಮ್ಮ ಅಪ್ಪ ಹೇಳಿದರು.

ನಾನು ಈಗಲೂ ಬೀಡಿ ಕಟ್ಟುತ್ತೇನೆ. ಬಲಗೈ ಕೊನೆಗೊಮ್ಮೆ ಎಳೆಯುತ್ತದೆ, ಎಳೆಯಲಿ, ಅದರ ಕೆಲಸ ಅದು. ಸಂಜೆ ಬೀಡಿಯ ತಟ್ಟೆ ಮುಚ್ಚಿಟ್ಟ ಮೇಲೆ ಎಡಗೈಯನ್ನು ಮಡಿಲಲ್ಲಿಟ್ಟು ಸ್ವಲ್ಪ ಹೊತ್ತು ಕೂರುತ್ತೇನೆ. ಪಕ್ಕದ ಮನೆಯವರಿಗೆ ಸುಮ್ಮನೆ ಕುಳಿತ ಹಾಗೆ ಕಾಣುತ್ತದೆ.

ಈ ಹಾಳೆಗಳನ್ನು ಅವಳ ಬರಹದ ಪ್ರತಿಯ ಜೊತೆ ಸೇರಿಸಿ ಬೀಡಿ ನೂಲಿನಲ್ಲಿ ಕಟ್ಟಿದ್ದೇನೆ, ಎಡಗೈಯಲ್ಲಿ. ಗಂಟು ಚೆಂದ ಬಂದಿಲ್ಲ. ನೀರು, ಗೆದ್ದಲು ತಾಗದ ಕಡೆ ಇಡಿ ಮಕ್ಕಳೇ. ಓದಿದ ಮೇಲೆ ಪುನಃ ಕಟ್ಟಿಡಿ, ಆದರೆ ಬಿಗಿಯಬೇಡಿ.